ಮಳೆ ಶುರುವಾದ್ಮೇಲೆ ಗ್ಯಾಸ್ ಸೆನ್ಸರ್ ಸುಮ್ಸುಮ್ನೆ ಕೂಗುತ್ತೆ, ಯಾರಿಗಾದ್ರೂ ಅನುಭವ ಇದ್ಯಾ?

ತೀರ್ಥಹಳ್ಳಿ ಹತ್ರ ನಮ್ಮನೆ. ಪ್ರಾಜೆಕ್ಟಿಗೆ ಅಂತ ಎಂಕ್ಯೂ-2 ಸೆನ್ಸರ್ ಹಾಕಿ ಅಡಿಗೆಮನೇಲಿ ಎಲ್‌ಪಿಜಿ ಲೀಕ್ ನೋಡೋ ಬೋರ್ಡ್ ಮಾಡಿದೀನಿ. ಏಪ್ರಿಲಲ್ಲಿ ಸರಿ ಇತ್ತು, ಈಗ ಜಡಿಮಳೆ ಹಿಡಿದ್ಮೇಲೆ ರೆಗ್ಯುಲೇಟರ್ ಬಂದ್ ಮಾಡಿದ್ರೂ ರೀಡಿಂಗ್ ಮೇಲೆ ಹೋಗಿ ಬಜರ್ ಹೊಡ್ಕೊಳ್ಳುತ್ತೆ. ಸೆನ್ಸರ್ ಹಾಳಾಯ್ತಾ? ಲಿಮಿಟ್ ಏರಿಸಿಬಿಡ್ಲಾ?

ಶಿವಮೊಗ್ಗದಿಂದ:
ಏರಿಸ್ಬೇಡ ತಮ್ಮಾ. ನಿನ್ನ ಸೆನ್ಸರ್ ಒಳಗೆ ಗ್ಯಾಸ್ ಗುರುತಿಸೋದು ಟಿನ್ ಆಕ್ಸೈಡ್, ನಾನು ಎಂಎಸ್ಸಿಲಿ ಅದನ್ನೇ ಹಿಡ್ಕೊಂಡು ಒಂದು ಮಳೆಗಾಲ ಪೂರ್ತಿ ಒದ್ದಾಡಿದೀನಿ. ಆ ಜಾಲರಿ ಒಳಗಿನ ಆಕ್ಸೈಡ್ ಬಿಸಿಯಾದಾಗ ಗಾಳಿಯ ಆಕ್ಸಿಜನ್ ಅದರ ಮೈಗೆ ಅಂಟ್ಕೊಂಡು ಎಲೆಕ್ಟ್ರಾನ್ ಕಿತ್ಕೊಳ್ಳುತ್ತೆ, ರೆಸಿಸ್ಟೆನ್ಸ್ ಜಾಸ್ತಿ ಆಗುತ್ತೆ, ಎಲ್‌ಪಿಜಿ ಬಂದ್ರೆ ಆ ಆಕ್ಸಿಜನ್ ಜೊತೆ ಸೇರಿ ಎಲೆಕ್ಟ್ರಾನ್ ವಾಪಸ್ ಬಿಡಿಸುತ್ತೆ, ರೆಸಿಸ್ಟೆನ್ಸ್ ಇಳಿಯುತ್ತೆ, ನಿನ್ನ ಬೋರ್ಡ್ ಅದನ್ನೇ ಗ್ಯಾಸ್ ಅಂತ ಓದೋದು. ನೀರಾವಿನೂ ಅದೇ ಮೈಮೇಲೆ ಹೈಡ್ರಾಕ್ಸಿಲ್ ಆಗಿ ಕೂತು ರೆಸಿಸ್ಟೆನ್ಸ್ ಇಳಿಸುತ್ತೆ, ಆಕ್ಸಿಜನ್ನಿಗೆ ಜಾಗನೂ ಬಿಡಲ್ಲ. ಅಂದ್ರೆ ಗ್ಯಾಸ್ ಇಲ್ದೇನೂ ಕೂಗುತ್ತೆ, ನಿಜವಾಗಿ ಗ್ಯಾಸ್ ಬಂದಾಗ ರೆಸ್ಪಾನ್ಸೂ ಕಮ್ಮಿ. ಲಿಮಿಟ್ ಏರಿಸಿದ್ರೆ ಆ ಕಮ್ಮಿ ರೆಸ್ಪಾನ್ಸೂ ಕೈತಪ್ಪುತ್ತೆ, ಅಮ್ಮ ಒಲೆ ಹಚ್ಚೋ ಜಾಗ ಅದು. ಪಕ್ಕದಲ್ಲೇ ತೇವ ಅಳೆಯೋ ಡಿಎಚ್‌ಟಿ-22 ಸೆನ್ಸರ್ ಒಂದು ಹಾಕಿ ತೇವ ಎಷ್ಟಿದ್ದಾಗ ಖಾಲಿ ಗಾಳಿ ರೀಡಿಂಗ್ ಎಷ್ಟು ಅಂತ ಒಂದು ವಾರ ಬರ್ಕೋ, ಅದಕ್ಕೆ ತಕ್ಕಂಗೆ ಲೆಕ್ಕ ಹಾಕು.

ಮೈ ಅಂದ್ರೆ ಎಷ್ಟು ಮುಖ್ಯ ಅಂತ ನಂಗೆ ಗೊತ್ತಾಗಿದ್ದು ಕುಲುಮೇಲಿ. ಟಿನ್ ಆಕ್ಸೈಡ್ ಪುಡಿ ಗಟ್ಟಿಯಾಗ್ಲಿ ಅಂತ 800 ಡಿಗ್ರಿಲಿ ಸುಟ್ಟೆ, ಕಣಗಳು ದಪ್ಪ ಆಗಿ ಒಂದಕ್ಕೊಂದು ಕೂಡ್ಕೊಂಡು ರೆಸ್ಪಾನ್ಸೇ ಬರ್ಲಿಲ್ಲ. 500ಕ್ಕೆ ಇಳಿಸಿದ್ಮೇಲೆ ಸ್ಪಿರಿಟ್ ಅದ್ದಿದ ಹತ್ತಿ ಹತ್ರ ತಂದಿದ್ದೇ ತಡ, ಮೀಟರ್ ಸರ್ರನೆ ಇಳೀತು! ಎಲೆಕ್ಟ್ರಾನ್ ಖಾಲಿಯಾಗೋ ಪದರ ಸುಮಾರು 3 ನ್ಯಾನೋಮೀಟರ್ ಅಷ್ಟೇ, ಕಣ 6ರ ಆಸುಪಾಸಿಗೆ ಬಂದ್ರೆ ಇಡೀ ಕಣವೇ ಮೈ ಆದಂಗೆ. ಪಲ್ಲೇಡಿಯಂ ಅನ್ನೋ ಲೋಹ ಒಂಚೂರು ಸೇರಿಸಿದ್ರೆ ಇನ್ನೂ ಚುರುಕು.

ಸಾಗರದಿಂದ:
ಅವ್ರು ಹೇಳಿದ್ದು ಸರಿ ಮಾರಾಯ. ಇನ್ನೊಂದು, ಡಬ್ಬಿಗೆ ನೀರು ಇಳೀಬಾರ್ದು ಅಂತ ಸಿಲಿಕೋನ್ ಸೀಲೆಂಟ್ ಬಳಿಬೇಡ. ನಾನು ಅಡಿಕೆ ಒಣಗಿಸೋ ಮನೇಲಿ ಹೊಗೆ ನೋಡಕ್ಕೆ ಇಟ್ಟಿದ್ದು ಹಂಗೇ ಸತ್ತೋಯ್ತು, ಆ ಸೀಲೆಂಟಿನ ಆವಿ ಸೆನ್ಸರಿನ ಬಿಸಿ ಮೈಮೇಲೆ ಸಿಲಿಕಾ ಪೊರೆ ಕಟ್ಟುತ್ತೆ, ಆಮೇಲೆ ಎಷ್ಟು ಹೊಗೆ ಬಿಟ್ರೂ ಮಿಸುಕಲ್ಲ. ಸೆನ್ಸರ್ ಒಳಗಿನ ಹೀಟರಿಗೆ 5 ವೋಲ್ಟ್ ಸರಿಯಾಗಿ ಸಿಗ್ತಿದ್ಯಾ ನೋಡು, ಅದೊಂದೇ 150 ಮಿಲಿಆಂಪ್ ಹತ್ರ ಎಳೆಯುತ್ತೆ, ಕರೆಂಟ್ ಹೋಗಿ ಬಂದ ತಕ್ಷಣದ ರೀಡಿಂಗ್ ನಂಬಬೇಡ, ಹೊಸ ಸೆನ್ಸರ್ ಆದ್ರೆ ಒಂದಿಡೀ ದಿನ ಬಿಸಿಯಾಗಕ್ಕೆ ಬಿಡು.