ಅನ್ನನಾಳದ ಕ್ಯಾನ್ಸರ್: ನುಂಗುವುದಕ್ಕೆ ರೇಡಿಯೇಶನ್ ಕೊಟ್ಟರೆ ಎಷ್ಟು ದಿನಕ್ಕೆ ಗುಣ ಕಾಣುತ್ತದೆ?

ಪ್ರಶ್ನೆ: ಕಾಯಿಲೆ ಲಿವರ್‌ಗೆ ಹರಡಿದೆ, ಆಪರೇಷನ್ ಸಾಧ್ಯವಿಲ್ಲ. ಗಟ್ಟಿ ಆಹಾರ ಇಳಿಯುತ್ತಿಲ್ಲ, ನುಣ್ಣಗೆ ಅರೆದದ್ದು ನಿಧಾನಕ್ಕೆ ಹೋಗುತ್ತದೆ. 10 ಸಿಟಿಂಗ್ ರೇಡಿಯೇಶನ್ ಹೇಳಿದ್ದಾರೆ. ಸ್ಟೆಂಟ್ (ಅನ್ನನಾಳ ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ) ಬೇಗ ಕೆಲಸ ಮಾಡುತ್ತದಲ್ಲವೇ? ಎರಡನ್ನೂ ಮಾಡಿಸಬಹುದೇ?

ಉತ್ತರ 1: 10 ಸಿಟಿಂಗ್ ಎಂದರೆ ಸಾಮಾನ್ಯವಾಗಿ ದಿನಕ್ಕೆ 3 ಗ್ರೇಯಂತೆ (ರೇಡಿಯೇಶನ್ ಪ್ರಮಾಣದ ಅಳತೆ) ಒಟ್ಟು 30 ಗ್ರೇ, ವಾರಕ್ಕೆ 5 ದಿನ. ತೀರಾ ನಿತ್ರಾಣರಾದವರಿಗೆ 5 ಸಿಟಿಂಗ್‌ನಲ್ಲಿ 20 ಗ್ರೇ ಕೊಡುವುದುಂಟು. ಗಡ್ಡೆ ಕುಗ್ಗಿ ದಾರಿ ಬಿಡಲು ಕೆಲವು ವಾರ ಹಿಡಿಯುತ್ತದೆ, 4ರಿಂದ 6 ವಾರವಾದರೂ ಆಶ್ಚರ್ಯವಿಲ್ಲ. ಅದಕ್ಕಿಂತ ಮುಂಚೆ, ಸುಮಾರು 2ನೇ ವಾರದಲ್ಲಿ, ಅನ್ನನಾಳದ ಒಳಪದರ ಉರಿಯೂತಗೊಂಡು ನುಂಗುವಾಗ ಎದೆಯ ನಡುವೆ ಕೊಯ್ದಂತಾಗುತ್ತದೆ. ಚಿಕಿತ್ಸೆ ಫಲಿಸಲಿಲ್ಲವೆಂದು ಎಷ್ಟೋ ಮನೆಯವರು ಕಂಗಾಲಾಗುವುದು ಇಲ್ಲೇ. ಆದ್ದರಿಂದ ಮೊದಲು ನೋಡಬೇಕಾದ್ದು, ಈಗ ಇಳಿಯುತ್ತಿರುವಷ್ಟು ಆಹಾರದಲ್ಲಿ ಆ ವಾರಗಳನ್ನು ದಾಟಬಹುದೇ ಎಂಬುದು. ನೀವು ಹೇಳಿದ ಸ್ಥಿತಿಯಲ್ಲಿ ದಾಟಬಹುದು. ನೀರೂ ಇಳಿಯದಿದ್ದರೆ ಕಾಯಬಾರದು, ಸ್ಟೆಂಟ್ ಕೆಲವೇ ದಿನದಲ್ಲಿ ದಾರಿ ಬಿಡಿಸುತ್ತದೆ.

ಉತ್ತರ 2: ಎರಡೂ ಬೇಕೆ ಎಂಬುದಕ್ಕೆ ಬ್ರಿಟನ್ನಿನ ರಾಕ್ಸ್ ಟ್ರಯಲ್ (2021) ನೇರ ಉತ್ತರ ಕೊಟ್ಟಿದೆ. ಸ್ಟೆಂಟ್ ಹಾಕಿದ ಮೇಲೆ ರೇಡಿಯೇಶನ್ ಸೇರಿಸಿದ್ದರಿಂದ ನುಂಗುವುದರಲ್ಲಿ ಹೆಚ್ಚಿನ ಅನುಕೂಲ ಕಾಣಲಿಲ್ಲ. ಗಡ್ಡೆಯಿಂದ ರಕ್ತ ಸೋರುವವರಿಗೆ ಮಾತ್ರ ಅದರ ಮಾತು ಬೇರೆ. ಆಯಸ್ಸು ಕೆಲವು ತಿಂಗಳಾದರೂ ಇರುವಂತಿದ್ದು, ಗಡ್ಡೆಯ ಮೂಲಕ ನಳಿಕೆ ತೂರುವಂತಿದ್ದರೆ ಬ್ರ್ಯಾಕಿಥೆರಪಿಯನ್ನೂ (ಆ ನಳಿಕೆಯ ಮೂಲಕ ಒಳಗಿನಿಂದಲೇ ಗಡ್ಡೆಗೆ ರೇಡಿಯೇಶನ್ ಕೊಡುವುದು) ಕೇಳಿ ನೋಡಿ. ಒಂದೇ ಸಲಕ್ಕೆ 12 ಗ್ರೇ. ಗುಣ ತಡವಾಗಿ ಬಂದರೂ ಸ್ಟೆಂಟ್‌ಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಬಳಸಬೇಕಾದಷ್ಟು ಬಳಸುತ್ತಿಲ್ಲ.

ಉತ್ತರ 3: ಮನೆಯಲ್ಲಿ ನೋಡಿಕೊಳ್ಳುವವರಿಗೆ: ನೋವು ಮರಗಟ್ಟಿಸುವ ದ್ರವ ಔಷಧಿ ಬರೆದುಕೊಟ್ಟಿದ್ದರೆ ಊಟಕ್ಕೆ ಸ್ವಲ್ಪ ಮುಂಚೆ ಕೊಡಿ. ಆಹಾರ ತೀರಾ ಬಿಸಿಯಿರಬಾರದು, ಖಾರ ಹುಳಿ ಬೇಡ. ಬೆನ್ನು ನೆಟ್ಟಗಿಟ್ಟು ಕೂರಿಸಿ, ಊಟವಾದ ಕೂಡಲೇ ಮಲಗಿಸಬೇಡಿ. ಮಾತ್ರೆ ಇಳಿಯದೆಂದು ಎಲ್ಲವನ್ನೂ ಪುಡಿ ಮಾಡಬೇಡಿ. ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆ ಪುಡಿಯಾದರೆ ಹಲವು ಗಂಟೆಗಳ ಡೋಸ್ ಒಮ್ಮೆಲೇ ರಕ್ತಕ್ಕೆ ಸೇರಿ ಉಸಿರಿಗೇ ಕುತ್ತು. ಅದರ ಬದಲು ದ್ರವರೂಪದ ಔಷಧಿ ಕೇಳಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಯಾವುದನ್ನು ಕಂಡರೆ ತಕ್ಷಣ ಓಡಬೇಕು?

ಉತ್ತರ 1: ಗುಟುಕು ಕುಡಿದಾಗಲೆಲ್ಲ ಕೆಮ್ಮು ಬಂದರೆ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದಿರಬಹುದು. ಬಾಯಿಂದ ಏನನ್ನೂ ಕೊಡದೆ ಅದೇ ದಿನ ಕರೆತನ್ನಿ. ರಕ್ತವಾಂತಿ, ಕಪ್ಪು ಮಲ, ಜೊಲ್ಲೂ ನುಂಗಲಾಗದಿದ್ದರೂ ಅಷ್ಟೇ, ಕಾಯಬೇಡಿ.