ವಿಯೆಟ್ನಾಂಗೆ 16 ದಿನ, ಕಡಿಮೆ ಖರ್ಚಿನಲ್ಲಿ: ಹೋಗಿ ಬಂದವರು ಸ್ವಲ್ಪ ಹೇಳಿ

ಶಿವಮೊಗ್ಗದಿಂದ:

ಮಾರ್ಚ್‌ನಲ್ಲಿ ನಾನು, ನನ್ನ ಗೆಳತಿ ಇಬ್ಬರೇ ಬ್ಯಾಗ್ ಹೊತ್ತು ವಿಯೆಟ್ನಾಂಗೆ ಹೊರಟಿದ್ದೀವಿ. ಹನೋಯ್‌ನಲ್ಲಿ ಇಳಿದು ಸೈಗಾನ್‌ನಿಂದ (ಹೋ ಚಿ ಮಿನ್ ಸಿಟಿ) ವಾಪಸ್, ವಿಮಾನದ ಟಿಕೆಟ್ ಆಗಿದೆ. ಅದು ಬಿಟ್ಟು ತಲಾ 45 ಸಾವಿರದಲ್ಲಿ ಮುಗಿಸಬೇಕು. ಸಾಪಾ, ಹಾ ಲಾಂಗ್, ನಿನ್ ಬಿನ್, ಹುಯೆ, ಹೋಯ್ ಆನ್, ದಾ ಲಾತ್, ಮೆಕಾಂಗ್, ಫು ಕ್ವಾಕ್ ಅಂತ ಪಟ್ಟಿ ಮಾಡಿಕೊಂಡಿದ್ದೀವಿ. ಗೆಳತಿ ಮೊಟ್ಟೆಯನ್ನೂ ಮುಟ್ಟಲ್ಲ. ದುಡ್ಡು ಸಾಲುತ್ತಾ? ಅವಳು ಉಪವಾಸ ಬೀಳ್ತಾಳಾ?

ಮೈಸೂರಿನಿಂದ:

ದುಡ್ಡು ಸಾಲುತ್ತೆ ಕಣಮ್ಮ, ದಿನ ಸಾಲಲ್ಲ. ಹನೋಯ್‌ನಿಂದ ಸೈಗಾನ್‌ಗೆ ರೈಲು ದಾರಿಯೇ 1,726 ಕಿಲೋಮೀಟರ್. ನಿನ್ನ ಪಟ್ಟಿ ಹಿಡಿದು ಹೊರಟರೆ ಅರ್ಧ ರಜೆ ಬಸ್ಸಿನಲ್ಲೇ ಕಳೆಯುತ್ತೆ. ನಾವು ಮೊದಲ ಸಲ ಹೀಗೇ ಏಳು ಊರು ಸುತ್ತಿ, ಬಂದ ಮೇಲೆ ಲೆಕ್ಕ ಹಾಕಿದರೆ ಊಟ, ವಸತಿ ಎರಡೂ ಸೇರಿದ್ದಕ್ಕಿಂತ ಓಡಾಟಕ್ಕೇ ಜಾಸ್ತಿ ಹೋಗಿತ್ತು. ಡಾರ್ಮಿಟರಿಯಲ್ಲಿ ಒಂದು ಮಂಚಕ್ಕೆ ಐನೂರರಿಂದ ಎಂಟುನೂರು ರೂಪಾಯಿ, ರಸ್ತೆ ಬದಿ ಒಂದು ಹೊತ್ತಿನ ಊಟ ನೂರು ನೂರೈವತ್ತು. ಅಲ್ಲಿ ಉಳಿಸೋಕೆ ಏನೂ ಇಲ್ಲ. ಉಳಿಸೋದಿದ್ದರೆ ಊರು ಕಡಿಮೆ ಮಾಡಬೇಕು.

ನಾನಾದರೆ ಸಾಪಾ, ಹಾ ಲಾಂಗ್, ಫು ಕ್ವಾಕ್ ಮೂರನ್ನೂ ಹೊಡೆದು ಹಾಕ್ತೀನಿ. ಹನೋಯ್ ಮೂರು ದಿನ, ನಿನ್ ಬಿನ್ ಮೂರು, ಹುಯೆ ಎರಡು, ಹೋಯ್ ಆನ್ ನಾಲ್ಕು, ಉಳಿದದ್ದು ಸೈಗಾನ್ ಮತ್ತೆ ಮೆಕಾಂಗ್. ನಿನ್ ಬಿನ್‌ನಲ್ಲಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ದೋಣಿ ಹೋಗುತ್ತಲ್ಲ, ಅದನ್ನು ನೋಡಿದ ಮೇಲೆ ಹಾ ಲಾಂಗ್ ಹಡಗಿಗೆ ಸಾವಿರಾರು ಕೊಡೋಕೆ ಮನಸ್ಸು ಬರಲ್ಲ.

ಹುಯೆಯಿಂದ ದಾ ನಾಂಗ್‌ಗೆ ಮಾತ್ರ ರೈಲಿನಲ್ಲೇ ಹೋಗಿ, ಎಡಗಡೆ ಕಿಟಕಿ ಹಿಡಿಯಿರಿ. ಹಾಯ್ ವಾನ್ ಘಾಟಿಯಲ್ಲಿ ರೈಲು ಏದುಸಿರು ಬಿಡುತ್ತಾ ಸಮುದ್ರದ ಅಂಚಿಗೇ ಅಂಟಿಕೊಂಡು ಹೋಗುತ್ತೆ. ಹೋಯ್ ಆನ್‌ಗೆ ರೈಲಿಲ್ಲ, ದಾ ನಾಂಗ್‌ನಿಂದ ಮೂವತ್ತು ಕಿಲೋಮೀಟರ್ ಬಸ್ಸು, ಇಲ್ಲ ಗಾಡಿ.

ರಾತ್ರಿ ಬಸ್ಸಿನ ವಿಷಯ. ಬಾಗಿಲಲ್ಲೇ ಚಪ್ಪಲಿ ಬಿಚ್ಚಿಸಿ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಡ್ತಾರೆ. ಸೀಟು ಪೂರ್ತಿ ಮಲಗೋ ಹಾಗಿಲ್ಲ, ಹಲ್ಲಿನ ಡಾಕ್ಟರ ಕುರ್ಚಿ ಇದ್ದ ಹಾಗೆ. ಮುಂದಿನವರ ಬೆನ್ನಿನ ಕೆಳಗೆ ಒಂದು ಡಬ್ಬ, ಅದರೊಳಗೆ ನಿನ್ನ ಕಾಲು. ನಾನು ಐದಡಿ ಎರಡಂಗುಲ, ಸರಿಹೋಯ್ತು. ನಮ್ಮೆಜಮಾನರು ಆರಡಿ, ಮಂಡಿ ಮಡಚಿಕೊಂಡೇ ಬೆಳಗು ಮಾಡಿದರು. ಬೆಳಿಗ್ಗೆ ಏಳಕ್ಕೆ ಹುಯೆ ಅಂತ ಹೇಳಿದ್ದ ಬಸ್ಸು ನಾಲ್ಕಕ್ಕೇ ಹೆದ್ದಾರಿ ಬದಿಯಲ್ಲಿ ಇಳಿಸಿ ಹೋಯ್ತು. ಇಬ್ಬರು ಹುಡುಗಿಯರು, ಕತ್ತಲಲ್ಲಿ ಇಳಿಯೋ ಹಾಗಾಗಬಾರದು. ಹಾಸ್ಟೆಲ್‌ನವರಿಗೆ ಮೊದಲೇ ಮೆಸೇಜ್ ಹಾಕಿಡಿ, ಟ್ಯಾಕ್ಸಿ ಕರೆಯೋ ಗ್ರ್ಯಾಬ್ ಆ್ಯಪ್ ಇಲ್ಲಿಂದಲೇ ಹಾಕಿಕೊಂಡು ಹೋಗಿ.

ಇ-ವೀಸಾಗೆ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ್ದೇ ಅಂತ ಕಾಣೋ ಏಜೆಂಟರ ಜಾಲತಾಣಗಳು ಬೇಕಾದಷ್ಟಿವೆ, ಎರಡರಷ್ಟು ಕಿತ್ತುಕೊಳ್ತವೆ. ಇನ್ನೊಂದು ನಮ್ಮ ಕಡೆಯವರ ತಾಪತ್ರಯ: ಸರ್‌ನೇಮ್. ನನ್ನ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಅರ್ಜಿಯಲ್ಲಿ ಅಭ್ಯಾಸಬಲದಿಂದ ಇನಿಷಿಯಲ್ ಹಾಕಿಬಿಟ್ಟೆ. ಮತ್ತೆ ಅರ್ಜಿ, ಮತ್ತೆ 25 ಡಾಲರ್. ಮೊದಲ ದುಡ್ಡು ವಾಪಸ್ ಬರಲ್ಲ.

ಹುಬ್ಬಳ್ಳಿಯಿಂದ:

ಊಟದ್ದು ನಾ ಹೇಳ್ತೀನ್ರಿ, ನಮ್ಮ ಮನ್ಯಾಗ ಉಳ್ಳಾಗಡ್ಡಿ ಬಿಟ್ಟು ಬ್ಯಾರೆ ಏನೂ ತಪ್ಪು ಮಾಡಂಗಿಲ್ಲ. ‘ಚಾಯ್’ ಅನ್ನೋ ಒಂದು ಶಬ್ದ ಕಲೀರಿ, ಸಾಕು. ಹಂಗಂದ್ರ ಅಲ್ಲಿ ಶಾಕಾಹಾರ. ಬೋರ್ಡ್ ಮ್ಯಾಲೆ ಆ ಶಬ್ದ ಇತ್ತಂದ್ರ ಕಣ್ಣು ಮುಚ್ಚಿ ಒಳಗ ಹೋಗ್ರಿ. ಬೌದ್ಧರು ನಡೆಸೋ ಅಂಗಡಿ, ಅನ್ನ, ಸೊಪ್ಪು, ತೋಫು, ಅಣಬಿ, ಎಲ್ಲಾ ಕೂಡಿ ನೂರಾ ಇಪ್ಪತ್ತು ರೂಪಾಯಿ. ಹುಣ್ಣಿವಿ ದಿನಾ, ಅಮಾಸಿ ಮುಗದ ಪಾಡ್ಯದ ದಿನಾ ಅಲ್ಲಿ ಭಾಳ ಮಂದಿ ಮಾಂಸ ಬಿಡ್ತಾರ, ಆವತ್ತು ಇಂಥ ಅಂಗಡಿ ತುಂಬಿ ತುಳಕ್ತಾವ. ಒಂದು ಮಜಾ ಏನಂದ್ರ, ಹನೋಯ್ ಕಡೆ ಚಹಾಕ್ಕ ‘ಚಾ’ ಅಂತಾರ. ನಾ ಚಾಯ್ ಕೇಳಿದ್ರ ಆಕಿ ತೋಫು ಊಟ ತಂದಿಟ್ಟಳು. ಉಂಡು ಬಂದೆ.

ತ್ರಾಸು ಇರೋದು ಸಾದಾ ಹೋಟೆಲಿನ್ಯಾಗ. ಮೀನಿನ ಸಾಸು ಪಲ್ಯಾಕ್ಕೂ ಹಾಕ್ತಾರ. ತರಕಾರಿ ಫೋ (ಅವರ ನೂಡಲ್ಸ್ ಸಾರು) ಅಂದ್ರೂ ಕುದಿಸಿದ ನೀರು ಎಲುಬಿಂದು. ಮಾಂಸ ಬ್ಯಾಡ ಅಂದ್ರ ಮ್ಯಾಲಿನ ತುಂಡು ತೆಗದು ಕೊಡ್ತಾರ, ಅವರಿಗೆ ಅಷ್ಟಾ ತಿಳಿಯೋದು. ‘ಮಾಂಸ, ಮೀನಿನ ಸಾಸು, ತತ್ತಿ ಬ್ಯಾಡ’ ಅಂತ ಅವರ ಭಾಷಾದಾಗ ಫೋನಿನ್ಯಾಗ ಬರದಿಟ್ಕೊಂಡು ತೋರಸ್ರಿ. ಮತ್ತ ಚಾಯ್ ಅಂಗಡ್ಯಾಗ ಮೀನಿನ ಆಕಾರದ್ದು ಏನರೆ ತಾಟಿನ್ಯಾಗ ಬಂದ್ರ ನಿಮ್ಮ ಗೆಳತಿ ಗಾಬರಿ ಆಗೋದು ಬ್ಯಾಡ, ಅದು ಸೋಯಾ.

ಶೇಂಗಾ ಚಟ್ನಿಪುಡಿ ಒಯ್ಯೋದು ಮರೀಬ್ಯಾಡ್ರಿ. ಅಲ್ಲಿ ಊಟ ಸಪ್ಪನ್ನದು.

ಮಡಿಕೇರಿಯಿಂದ:

ಬಾಡಿಗೆ ಬೈಕ್ ತೆಗೆದುಕೊಳ್ಳಬೇಡಿ. ಎಲ್ಲರೂ ತೆಗೆದುಕೊಳ್ತಾರೆ, ಅಂಗಡಿಯವನು ಲೈಸೆನ್ಸ್ ಕೇಳುವುದೂ ಇಲ್ಲ. ಆದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದು. ನಾನು ಹಾ ಜಿಯಾಂಗ್ ತಿರುವಿನಲ್ಲಿ ಜಲ್ಲಿ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡೆ. ಲೈಸೆನ್ಸ್ ಊರ್ಜಿತವಲ್ಲ ಎಂದು ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಗುಡ್ಡಗಾಡಿಗೆ ಹೋಗಲೇಬೇಕೆಂದರೆ ಸ್ಥಳೀಯರೇ ಓಡಿಸುವ ‘ಈಸಿ ರೈಡರ್’ ಹಿಂದೆ ಕುಳಿತು ಹೋಗಿ.

ಮೈಸೂರಿನ ಅಕ್ಕ ದಾ ಲಾತ್ ಸದ್ದಿಲ್ಲದೆ ಬಿಟ್ಟುಬಿಟ್ಟರಲ್ಲ, ಅದಕ್ಕೆ ನನ್ನ ತಕರಾರಿದೆ. ಕಾಫಿ ಬೆಳೆಯುವ ಕಡೆಯ ಊರು ಅದು. ಜಗತ್ತಿನಲ್ಲೇ ಅತಿ ಹೆಚ್ಚು ರೊಬಸ್ಟಾ ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ನಾವೂ ರೊಬಸ್ಟಾದವರೇ. ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರ್ ಕೂರಿಸಿ ಕೊಡ್ತಾರೆ, ಡಿಕಾಕ್ಷನ್ ಹನಿ ಹನಿಯಾಗಿ ಕೆಳಗಿನ ಗಟ್ಟಿ ಹಾಲಿನ ಮೇಲೆ ಬೀಳುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು. ಚಿಕೋರಿ ಇಲ್ಲದೆಯೂ ಇಷ್ಟು ಕಪ್ಪಾಗುತ್ತದೆಯೇ ಅನಿಸಿತು.

ಮೈಸೂರಿನಿಂದ:

ದಾ ಲಾತ್ ಬೇಕಾದರೆ ಮೆಕಾಂಗ್ ಬಿಡಬೇಕು, ಎರಡೂ ಆಗಲ್ಲ. ಹೇಳೋದು ಮರೆತಿದ್ದೆ: ಹೋಯ್ ಆನ್‌ನಿಂದ ನಲವತ್ತು ಕಿಲೋಮೀಟರ್ ಮೀ ಸೋನ್. ಅಲ್ಲಿ ಹಿಂದೆ ಆಳಿದ ಚಂಪಾ ಅರಸರ ಶಿವ ದೇವಾಲಯಗಳು, ಸಂಸ್ಕೃತ ಶಾಸನಗಳು. ನಮ್ಮ ಪುರಾತತ್ವ ಸರ್ವೇಕ್ಷಣೆಯವರು ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲಾ ಲಿಂಗ ಸಿಕ್ಕಿತು. ಗುಡಿಗಳ ಪಕ್ಕದಲ್ಲೇ ಅಮೆರಿಕದ ಬಾಂಬ್ ಬಿದ್ದ ಗುಂಡಿಗಳಿವೆ, ಹುಲ್ಲು ಬೆಳೆದಿದೆ. ಬಿಸಿಲೇರೋ ಮುಂಚೆ ಹೋಗಿ.

ಉಡುಪಿಯಿಂದ:

ಒಂದೇ ಮಾತು. 20 ಸಾವಿರ ಡಾಂಗ್ ನೋಟೂ ನೀಲಿ, 5 ಲಕ್ಷದ್ದೂ ನೀಲಿ. ನಾನು ಎಳನೀರಿಗೆ 5 ಲಕ್ಷ ಕೊಟ್ಟು ನಡೆದಿದ್ದೆ, ಆ ಅಜ್ಜಿ ಓಡಿ ಬಂದು ತೋಳು ಹಿಡಿದು ವಾಪಸ್ ಕೊಟ್ಟರು. ಎಲ್ಲರೂ ಹಾಗೆ ಓಡಿ ಬರುವುದಿಲ್ಲ ಮಾರಾಯ್ರೆ. ದೊಡ್ಡ ನೋಟು ಬೇರೆ ಚೀಲದಲ್ಲಿಡಿ. ಲೆಕ್ಕಕ್ಕೆ, 30 ಸಾವಿರ ಡಾಂಗ್ ಅಂದರೆ ಹೆಚ್ಚುಕಮ್ಮಿ ನೂರು ರೂಪಾಯಿ.

ಶಿವಮೊಗ್ಗದಿಂದ:

ಸಾಪಾ, ಹಾ ಲಾಂಗ್, ಫು ಕ್ವಾಕ್ ಮೂರೂ ಹೋದವು, ಗೆಳತಿ ಮುಖ ಊದಿಸಿಕೊಂಡಿದ್ದಾಳೆ. ಚಟ್ನಿಪುಡಿಗೆ ಮಾತ್ರ ಒಪ್ಪಿದಳು. ನಮ್ಮದು ಬರೀ 7 ಕೆಜಿ ಕ್ಯಾಬಿನ್ ಬ್ಯಾಗ್, ಅದರಲ್ಲೇ ಒಯ್ಯಬಹುದಾ?

ಹುಬ್ಬಳ್ಳಿಯಿಂದ:

ಅಯ್ಯ, ಕ್ಯಾಬಿನ್ ಬ್ಯಾಗಿನ್ಯಾಗ ಬ್ಯಾಡ್ರೀ ಯವ್ವಾ. ತಪಾಸಣಿಯೊಳಗ ಖಾರದ ಪುಡಿ ಅಂತ ನಂದು ಅರ್ಧಾ ಕೆಜಿ ತಗಸಿ ಇಟ್ಕೊಂಡ್ರು. ಎರಡನೇ ಸಲ ಹೋದಾಗ ಚಟ್ನಿಪುಡಿ ಸಲುವಾಗೇ ಚೆಕ್-ಇನ್ ಲಗೇಜಿಗೆ ರೊಕ್ಕಾ ಕಟ್ಟೀನಿ.