ಎರಡು ಇಡ್ಲಿಗೆ ಒಂದು ವಡೆಯನು

"ಇವತ್ತಿನ ಇಡ್ಲಿ ಮಲ್ಲಿಗೆಯಂತೆ ಮೆತ್ತಗಿದೆ ಕಣ್ರೋ," ಎಂದ ಗುಂಡ.

"ಉಪಮಾಲಂಕಾರ!" ಸೀನ ಚಮಚ ಎತ್ತಿದ. "ಇಡ್ಲಿ ಉಪಮೇಯ, ಮಲ್ಲಿಗೆ ಉಪಮಾನ, 'ಅಂತೆ' ವಾಚಕ, ಮೆತ್ತಗಿರೋದು ಸಮಾನಧರ್ಮ. ನಾಲ್ಕೂ ಇದೆ, ಪೂರ್ಣೋಪಮೆ."

"ತಿನ್ನೋಕೆ ಬಿಡ್ತೀಯಾ?"

ಸೀನನ ಮಗಳು ಈ ಸಲ ಹತ್ತನೇ ಕ್ಲಾಸು. ಅವನ ಮೊಬೈಲಿಗೆ ಯಾರೋ ಕನ್ನಡ ಪರೀಕ್ಷೆಯ ಅಲಂಕಾರ, ಛಂದಸ್ಸಿನ ಎರಡು ಪುಟದ ಪಟ್ಟಿ ಕಳಿಸಿದ್ದಾರೆ. ಅವತ್ತಿನಿಂದ ನಮಗೆ ನೆಮ್ಮದಿ ಇಲ್ಲ.

"ಇಡ್ಲಿಯೇ ಮಲ್ಲಿಗೆ ಅಂದಿದ್ರೆ?" ರಾಯರು ಕೆಣಕಿದರು.

"ರೂಪಕ."

"ಆವಿಗೆ ಮಲ್ಲಿಗೆಯೇ ಅರಳಿತೋ ಅನ್ನುವಂತಿದೆ ಅಂದ್ರೆ?"

"ಉತ್ಪ್ರೇಕ್ಷೆ. ಲಕ್ಷಣ, ಸಮನ್ವಯ ಬರೆದರೆ ಪೂರ್ತಿ ಮಾರ್ಕ್ಸು. ಇನ್ನು ಇಲ್ಲಿನ ಬಿಲ್ಲು ಅತಿಶಯೋಕ್ತಿ!"

"ಬಿಲ್ಲಿಗೆ ಅಲಂಕಾರ ಇಲ್ಲ ಕಣೋ, ಅದು ಬರೀ ಗದ್ಯ. ಅಲ್ಲಾ, ಇಡ್ಲಿ ಮುಂದೆ ಇಟ್ಕೊಂಡು ಅಕ್ಕಿ ಎಷ್ಟು, ಉದ್ದು ಎಷ್ಟು ಅಂತ ಲೆಕ್ಕ ಹಾಕ್ತೀಯಲ್ಲ, ರುಚಿ ಯಾವಾಗ ನೋಡ್ತೀಯ?"

"ರುಚಿ ಸಿಲಬಸ್ಸಿನಲ್ಲಿಲ್ಲ ರಾಯರೇ. ಮಗಳು ನಿದ್ದೆಯಲ್ಲೂ ಯಮಾತಾರಾಜಭಾನಸಲಗಂ ಅಂತಾಳೆ."

"ಅದ್ಯಾವ ಕಷಾಯ?" ಗುಂಡ ಹೆದರಿದ.

"ಪದ್ಯದ ಮೂರಕ್ಷರದ ಗುಂಪುಗಳು, ಅಂದ್ರೆ ಗಣಗಳು, ಅವುಗಳ ಬೀಗದಕೈ," ಎಂದರು ರಾಯರು. "ಬೇಕಾದ ಅಕ್ಷರದಿಂದ ಮೂರು ತಗೋ. ಯಮಾತಾ. ಲಘು, ಗುರು, ಗುರು. ಅದೇ ಯಗಣ. ಮಾಡಿದವನು ಮಹಾ ಜಾಣ."

ಗುಂಡನಿಗೆ ಅಷ್ಟು ಸಾಕಾಯಿತು. ಕೌಂಟರಿಗೆ ಕೂಗಿದ: "ಎರಡು ಇಡ್ಲಿಗೆ ಒಂದು ವಡೆ ಹಾಕಪ್ಪಾ!"

ರಾಯರ ಬೆರಳು ಮೇಜಿನ ಮೇಲೆ ಆಡತೊಡಗಿತು. "ತಡಿ, ತಡಿ. 'ಹಾಕಪ್ಪಾ' ತೆಗಿ. ವಡೆಯನು ಅನ್ನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ನಾಲ್ಕು, ಮೂರು ನಾಲ್ಕು. ಆರು ಸಾಲಿನ ಭಾಮಿನಿ ಷಟ್ಪದಿ ಕಣೋ!" ಅಲ್ಲೇ ರಾಗ ಎಳೆದರು:

ಎರಡು ಇಡ್ಲಿಗೆ ಒಂದು ವಡೆಯನು
ಸರಿಸಿ ಚಟ್ನಿಯ ಸುರಿದು ಸವಿಯುತ
ಬರಲಿ ಕಾಫಿಯು ಬೇಗ ಎನ್ನುತ ಹೊಟ್ಟೆ ಕೂಗಿತಲಾ

ಸೀನ ಟಿಶ್ಯೂ ಪೇಪರ್ ಮೇಲೆ ಗೀಟು ಹಾಕಿದ. "ಮಾತ್ರೆ 14, 14, 23. ಎಲ್ಲಾ ಸಾಲಿನ ಎರಡನೇ ಅಕ್ಷರ ರಕಾರ, ಆದಿಪ್ರಾಸ. ಸರಿಯಾಗಿದೆ! ಉಳಿದ ಮೂರು ಸಾಲು?"

"ಕಾಫಿ ಬರಲಿ," ಎಂದ ರಾಯರು ಸ್ವಲ್ಪ ಹೊತ್ತು ಸುಮ್ಮನಾದರು. "ನಮ್ಮಜ್ಜ ಸಂಜೆ ಜಗಲಿಯಲ್ಲಿ ಕುಮಾರವ್ಯಾಸ ಭಾರತ ಓದೋರು. ಅಜ್ಜಿ ಒಳಗೆ ಅಡುಗೆ ಮಾಡ್ತಾ ಕೇಳೋಳು. ಅವಳಿಗೆ ಅಕ್ಷರ ಬರ್ತಿರಲಿಲ್ಲ. ಮಾತ್ರೆ ಅಂದ್ರೆ ತಲೆನೋವಿನದು ಮಾತ್ರ ಗೊತ್ತು. ಆದ್ರೆ ಅಜ್ಜ ಒಂದು ಕಡೆ ಎಡವಿದರೆ ಸಾಕು, ಒಳಗಿಂದ ಟಣ್ ಅಂತ ಸೌಟು ಕುಟ್ಟೋ ಸದ್ದು. ಅಜ್ಜ ತೆಪ್ಪಗೆ ಆ ಸಾಲು ಮತ್ತೆ ಓದೋರು." ತಟ್ಟೆ ಪಕ್ಕಕ್ಕೆ ಸರಿಸಿದರು. "ಹಲಗೆ ಬಳಪ ಹಿಡಿಯದ್ದೇ ತನ್ನ ಅಗ್ಗಳಿಕೆ ಅಂತ ಹೇಳ್ಕೊಂಡ ಕವಿ ಆ ಕುಮಾರವ್ಯಾಸ. ಈಗ ಅವನ ಭಾಮಿನಿ ಪದ್ಯಕ್ಕೇ ಗೀಟು. ನಿನ್ನ ಮಗಳು ಭಾಮಿನಿ ಹಾಡ್ತಾಳಾ ಸೀನ?"

"ಹಾಡೋಕೆ ಮಾರ್ಕ್ಸ್ ಇಲ್ವಲ್ಲ ರಾಯರೇ."

ಕಾಫಿ ಬಂತು. ಯಾರೂ ಮಾತಾಡಲಿಲ್ಲ. ಗುಂಡ ಒಂದು ಗುಟುಕು ಹೀರಿ, ಗೀಟು ಲೆಕ್ಕ ಏನೂ ಇಲ್ಲದೆ, ರಾಯರ ರಾಗದಲ್ಲೇ ಎತ್ತಿದ:

ಬರುವ ಬಿಲ್ಲನು ಯಾರು ಕೊಡುವರು

ಸೀನ ಬೆರಳು ಮಡಚಿ ಎಣಿಸಿದ. 14. ನಾಲ್ಕನೇ ಸಾಲು ಸರಿಯಾಗಿಯೇ ಇತ್ತು. ಐದನೆಯದನ್ನು ಯಾರೂ ಹೇಳಲಿಲ್ಲ.